ಅರ್ಧ ಸುತ್ತು

ಗೇಜಿನ ಮುಳ್ಳು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಹಸಿರು ಪಟ್ಟಿ ದಾಟಿತು, ಕೆಂಪು ಗೆರೆ ದಾಟಿತು, ಅಲ್ಲಿಂದಾಚೆಗೂ ನಡುಗುತ್ತ ಮೇಲೇರುತ್ತಲೇ ಹೋಯಿತು.

"ಬಿಡು! ಲಿವರ್ ಬಿಡು!" ಎಂದು ಮೆಕ್ಯಾನಿಕ್ ಕೂಗಿದ.

ಟ್ರ್ಯಾಕ್ಟರಿನ ಸೀಟಿನ ಮೇಲಿದ್ದ ಪಕ್ಕದ ಹೊಲದವನು ಕೆಂಡ ಮುಟ್ಟಿದವನಂತೆ ಕೈ ಹಿಂದೆಗೆದುಕೊಂಡು ಎಂಜಿನ್ ಆರಿಸಿದ. ಶೆಡ್ಡಿನೊಳಗೆ ಒಮ್ಮೆಲೇ ಸದ್ದಡಗಿತು. ಆಗ ದನಗಳ ಕೂಗು ಕೇಳಿಸಿತು. ಕೊಟ್ಟಿಗೆಯ ಕಂಬಿಗಳ ನಡುವೆ ತಲೆ ತೂರಿಸಿಕೊಂಡು ಅವು ಬೆಳಗಿನಿಂದ ಒಂದೇ ಸಮನೆ ಒದರುತ್ತಿದ್ದವು. ಕೊಟ್ಟಿಗೆಯ ಆಚೆ ಮನೆ. ಮನೆಯ ಮುಂದಿನ ಕೋಣೆಯಲ್ಲಿ ಅವುಗಳ ಒಡತಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು.

"ಏನಂತೆ ಇದಕ್ಕೆ?" ಪಕ್ಕದ ಹೊಲದವನು ಕೆಳಗಿಳಿದು ಬಂದ. ಮಣ್ಣಿಗೆಂದು ಹಾಕಿಕೊಂಡಿದ್ದ ಕರಿ ಕೋಟಿನ ಮೇಲೆ ಆಗಲೇ ಧೂಳು ಕೂತಿತ್ತು. "ನಿನ್ನೆ ಹೊಸ ಎಣ್ಣೆ ಹೋಸ್ ಹಾಕಿ ಹುಲ್ಲು ಎತ್ತೋಕೆ ಹೋದೆ. ಒಂಥರಾ ಕೀರಿಡ್ತು. ಎದೆ ಧಸಕ್ ಅಂತು, ಬಿಟ್ಬಿಟ್ಟೆ. ನೀನು ಹೇಗೂ ಮಣ್ಣಿಗೆ ಬರ್ತೀಯಲ್ಲ, ಸಾಮಾನು ತಗೊಂಡೇ ಬಾ ಅಂದೆ."

"ರಿಲೀಫ್ ವಾಲ್ವ್," ಎಂದ ಮೆಕ್ಯಾನಿಕ್. ಅವನ ಕಣ್ಣು ಇನ್ನೂ ಗೇಜಿನ ಮೇಲೇ ಇತ್ತು. "ಬದಲಾಯಿಸ್ಬೇಕು."

"ಹೋಸ್ ತಾನೆ ಒಡೆದಿದ್ದು?"

"ಹೋಸೂ ಒಡೀತು."

"ಒಡೆಯದೆ ಇನ್ನೇನು. ಮೈತುಂಬ ಬಿರುಕು ಬಿಟ್ಟಿತ್ತು. ನಾನೇ ನೋಡಿದೀನಿ." ಪಕ್ಕದ ಹೊಲದವನು ದನಿ ತಗ್ಗಿಸಿದ. "ಆ ಅಕ್ಕನ ಅಭ್ಯಾಸಾನೂ ಹಾಗೇ ಇತ್ತು ಬಿಡು. ಮಂಡಿ ನೋವು ಅಂತ, ಎತ್ತೋ ಇಳಿಸೋ ಕೆಲಸಕ್ಕೆಲ್ಲ ಸೀಟ್ ಮೇಲೆ ಹತ್ತೋದೇ ಇಲ್ಲ. ಕೆಳಗೆ, ಗಾಲಿ ಪಕ್ಕ ನಿಂತ್ಕೊಂಡೇ ಕೈ ಚಾಚಿ ಲಿವರ್ ಎಳೆಯೋದು. ಹೋಸ್ ಹರಿದ ಕೂಡಲೇ ಲೋಡರಿನ ತೋಳು ಕುಸಿದಿದೆ, ಮೇಲೆತ್ತಿದ್ದ ಹುಲ್ಲಿನ ಉರುಳೆ ಹಿಂದಕ್ಕೆ, ಅಕ್ಕನ ಮೇಲೇ ಬಿದ್ದಿದೆ. ತಪ್ಪಿಸ್ಕೊಳ್ಳೋಕೆ ಎಲ್ಲಿದೆ ಜಾಗ?"

ಮೆಕ್ಯಾನಿಕ್ ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳನ್ನು ಇನ್ನೂ ಮೇಲಕ್ಕೆ ಮಡಚಿ, ಸ್ಪ್ಯಾನರ್ ಹುಡುಕುವ ನೆವದಲ್ಲಿ ಬೆನ್ನು ತಿರುಗಿಸಿದ.

ಆ ವಾಲ್ವ್ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ವಸ್ತು. ಒಳಗೊಂದು ಸ್ಪ್ರಿಂಗ್, ಅದನ್ನು ಒತ್ತಿ ಹಿಡಿಯುವ ಒಂದು ಸ್ಕ್ರೂ. ಎಣ್ಣೆಯ ಒತ್ತಡ ಮಿತಿ ಮೀರಿದರೆ ಸ್ಪ್ರಿಂಗ್ ಹಿಂದೆ ಸರಿದು ದಾರಿ ಬಿಡುತ್ತದೆ, ಹೆಚ್ಚಾದ ಎಣ್ಣೆ ಟ್ಯಾಂಕಿಗೆ ಹಿಂತಿರುಗುತ್ತದೆ, ಹೋಸುಗಳು ಉಳಿದುಕೊಳ್ಳುತ್ತವೆ. ಸ್ಕ್ರೂ ಬಿಗಿ ಮಾಡಿದಷ್ಟೂ ಲೋಡರಿಗೆ ಬಲ ಹೆಚ್ಚು. ಪೂರ್ತಿ ಬಿಗಿ ಮಾಡಿದರೆ ದಾರಿಯೇ ತೆರೆಯುವುದಿಲ್ಲ. ಆಗ ಎಣ್ಣೆ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಎಲ್ಲಿ ಗೋಡೆ ಸವೆದಿದೆಯೋ ಅಲ್ಲಿ.

ಅವನು ಹಳೆಯ ವಾಲ್ವಿನ ಮುಚ್ಚಳ ತೆಗೆದ. ಸ್ಕ್ರೂ ಕೊನೆಯ ಸುತ್ತಿನವರೆಗೂ ಒಳಗೆ ಹೋಗಿ ತಳ ಕಚ್ಚಿ ಕೂತಿತ್ತು. ಅದನ್ನು ಹಿಡಿದಿಟ್ಟ ನಟ್ಟಿನ ಅಂಚುಗಳಲ್ಲಿ ಸ್ಪ್ಯಾನರ್ ಕಚ್ಚಿದ ಗುರುತುಗಳು ಹೊಸದಾಗಿ ಹೊಳೆಯುತ್ತಿದ್ದವು. ಒಂದೇ ಸಲದ ಗುರುತಲ್ಲ. ಸ್ವಲ್ಪ ತಿರುಗಿಸಿ, ನೋಡಿ, ಸಾಲದೆ, ಮತ್ತೆ ಬಂದು ತಿರುಗಿಸಿದವರ ಗುರುತು.

ಮೆಕ್ಯಾನಿಕ್ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ.

"ಯಾಕೋ? ತಲೆ ಸುತ್ತು ಬಂತಾ?"

"ಇಲ್ಲ. ನೀನು ಮನೆ ಕಡೆ ಹೋಗು. ಇದು ನಾನೊಬ್ಬನೇ ನೋಡ್ಕೋತೀನಿ."

*

ಸುತ್ತಮುತ್ತಲಿನವರೆಲ್ಲ ಆ ಮನೆಯೊಡತಿಯನ್ನು ಫೋನಕ್ಕ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು. ಅವಳಿಗೆ ಬೇಜಾರಿರಲಿಲ್ಲ.

ಮೊದಲು ಟ್ರ್ಯಾಕ್ಟರ್ ಅವಳ ಗಂಡನದು. ಗಂಡನ ಸೊಂಟದ ಮೂಳೆ ಸರಿದು, ಆಪರೇಷನ್ ಆಗಿ, ಸೀಟಿನ ಮೇಲೆ ಕೂರಲೇಬಾರದು ಎಂದು ವೈದ್ಯರು ಹೇಳಿದ ಮೇಲೆ ಅದು ಅವಳ ಪಾಲಿಗೆ ಬಂತು. ಗಂಡ ಹಾಲು ಕರೆಯುವ ಮಷಿನ್ನು, ಕರುಗಳು, ಅಡುಗೆಮನೆ ನೋಡಿಕೊಂಡ. ಅವಳು ಗಂಡನ ಹಳೆಯ ಕೋಟು ಹಾಕಿಕೊಂಡು ಶೆಡ್ಡಿಗೆ ಹೋದಳು. ಗೇರು ಯಾವುದು ಬ್ರೇಕು ಯಾವುದು ತಿಳಿಯದ ಆ ಮೊದಲ ದಿನವೇ ಮೆಕ್ಯಾನಿಕ್‌ಗೆ ಫೋನ್ ಬಂತು.

"ಕಬ್ಬಿಣದ ಡಾಕ್ಟ್ರೇ, ಬ್ಯುಸಿನಾ?"

ಉತ್ತರಕ್ಕೆ ಅವಳು ಎಂದೂ ಕಾದವಳಲ್ಲ. ದನದ ಡಾಕ್ಟರ್ ಒಬ್ಬರಿದ್ದರಲ್ಲ, ಅವರಿಗೂ ಇವನಿಗೂ ಕಲಸಿ ಹೋಗಬಾರದೆಂದು ಇವನಿಗೆ ಕಬ್ಬಿಣದ ಡಾಕ್ಟರ್ ಎಂದು ಹೆಸರಿಟ್ಟಿದ್ದಳು. "ಈ ಗಾಡಿ ಕೆಮ್ತಾ ಇದೆ. ತಡೀರಿ, ಕೇಳಿಸ್ತೀನಿ," ಎಂದು ಫೋನನ್ನು ಎಂಜಿನ್ನಿಗೆ ಹಿಡಿಯುತ್ತಿದ್ದಳು. ಆ ಸದ್ದಿನ ನಡುವೆ ಅವಳ ದನಿ: "ಕೇಳಿಸ್ತಾ? ಇನ್ನೊಂದ್ಸಲ ಹಿಡೀಲಾ?"

ಮೊದಮೊದಲು ಅವನಿಗೆ ನಗು ಬರುತ್ತಿತ್ತು. ಆಮೇಲೆ ಕಿವಿ ಪಳಗಿತು. ಬೆಲ್ಟ್ ಸಡಿಲವಾದ ಸದ್ದು, ಪಂಪಿಗೆ ಗಾಳಿ ಹೊಕ್ಕ ಸದ್ದು, ಎಣ್ಣೆ ಕಡಿಮೆಯಾದ ಸದ್ದು, ಎಲ್ಲವನ್ನೂ ಅವನು ಫೋನಿನಲ್ಲೇ ಗುರುತಿಸತೊಡಗಿದ. "ಬಲಗಡೆ ಬೋಲ್ಟ್ ನೋಡಿ ಅಕ್ಕ," ಅನ್ನುತ್ತಿದ್ದ. ಅತ್ತಲಿಂದ ಖುಷಿಯ ಕೇಕೆ ಬರುತ್ತಿತ್ತು. ಅಷ್ಟು ದೂರ ವ್ಯಾನ್ ಓಡಿಸಿಕೊಂಡು ಹೋಗುವುದು ತಪ್ಪಿತೆಂಬ ಸಮಾಧಾನ ಒಂದು ಕಡೆ. ಸದ್ದು ಕೇಳಿಯೇ ಕಾಯಿಲೆ ಹೇಳುತ್ತೇನೆಂಬ ಹಮ್ಮು ಇನ್ನೊಂದು ಕಡೆ. ಬೇರೆ ಗಿರಾಕಿಗಳ ಮುಂದೆ ಅದನ್ನು ಅವನು ಬಣ್ಣಕಟ್ಟಿ ಹೇಳುತ್ತಿದ್ದುದೂ ಉಂಟು.

ಅವಳು ಬರೀ ಕಷ್ಟಕ್ಕೆ ಫೋನ್ ಮಾಡುವವಳಲ್ಲ. ಗಾಡಿ ಚೆನ್ನಾಗಿ ಓಡಿದ ದಿನವೂ ಮಾಡುತ್ತಿದ್ದಳು. "ಏನಿಲ್ಲ, ಇವತ್ತು ಒಂದು ಸದ್ದೂ ಮಾಡ್ಲಿಲ್ಲ ಡಾಕ್ಟ್ರೇ. ಹೇಳೋಣ ಅನ್ನಿಸ್ತು. ನಿಮಗೆ ಯಾವಾಗ್ಲೂ ಕೆಟ್ಟ ಸುದ್ದೀನೇ ತಾನೆ ಬರೋದು?"

ಇಡೀ ದಿನ ಶೆಡ್ಡಿನಲ್ಲಿ, ಹೊಲದಲ್ಲಿ ಒಬ್ಬಳೇ ಇರುವವಳು. ಗಂಡನದೋ ಕೇಳಿದ್ದಕ್ಕೂ ಪೂರ್ತಿ ಉತ್ತರ ಕೊಡದ ಬಾಯಿ. ಆ ಫೋನುಗಳ ಹಿಂದೆ ಏನಿತ್ತೆಂದು ಮೆಕ್ಯಾನಿಕ್ ಯೋಚಿಸಿದವನಲ್ಲ. ಕೆಲವೊಮ್ಮೆ ಎತ್ತುತ್ತಿದ್ದ. ಕೆಲವೊಮ್ಮೆ ಅದು ಬಡಿದುಕೊಂಡು ಸುಮ್ಮನಾಗಲೆಂದು ಬಿಡುತ್ತಿದ್ದ.

*

ಹೊಸ ವಾಲ್ವಿನ ಪೊಟ್ಟಣ ಬಿಚ್ಚುವಾಗ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಅವಳ ಗಂಡ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈ ಸೊಂಟದ ಮೇಲೆ.

"ಅಣ್ಣ, ನೀವ್ಯಾಕೆ ತಂದ್ರಿ? ಒಳಗೆ ಜನ ಇದಾರಲ್ಲ."

"ಒಳಗೆ ಕೂರೋಕಾಗ್ತಿಲ್ಲ." ಅವನು ಲೋಟವನ್ನು ಗಾಡಿಯ ಮಡ್‌ಗಾರ್ಡ್ ಮೇಲಿಟ್ಟ. "ಎಲ್ರೂ ನನ್ನ ಕೈ ಹಿಡ್ಕೊಂಡು 'ಹೋಸ್ ಹಳೇದಾಗಿತ್ತು, ನೀನೇನು ಮಾಡೋಕಾಗತ್ತೆ' ಅಂತಾರೆ. ಸಮಾಧಾನ ಹೇಳ್ತಿದಾರೆ ಪಾಪ. ಅವರಿಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ?"

"ಅವಳು ಹೇಳಿದ್ಲು. ಹೋಸ್‌ನಲ್ಲಿ ಬಿರುಕು ಕಾಣ್ತಿದೆ, ಬದಲಾಯಿಸೋಣ ಅಂತ. ಒಂದ್ಸಲ ಅಲ್ಲ. ನಾನೇ ಈ ಹುಲ್ಲಿನ ಕೆಲಸ ಮುಗೀಲಿ, ಆಮೇಲೆ ನೋಡೋಣ ಅಂದೆ." ಅವನು ನೆಲದ ಮೇಲೆ ಬಿದ್ದಿದ್ದ ಹರಿದ ಹೋಸನ್ನು ಕಾಲಿನಿಂದ ಸರಿಸಿದ. ಎಣ್ಣೆ ಹರಿದ ಕಡೆ ಮಣ್ಣು ಕಪ್ಪಾಗಿತ್ತು. ಅದರ ಮೇಲೆ ಯಾರೋ ಹೊಟ್ಟು ಹರಡಿದ್ದರು. "ನಿಂಗೆ ಗೊತ್ತಲ್ಲ, ನಾನು ಮೊದಲಿಂದ್ಲೂ ಹಾಗೆ. ಆಮೇಲೆ, ಆಮೇಲೆ. ರಾತ್ರಿ ಮಲಗಿದ್ರೆ ಅದೇ ಮಾತು ಕಿವೀಲಿ. ಆಮೇಲೆ ನೋಡೋಣ."

ಮೆಕ್ಯಾನಿಕ್‌ನ ಅಂಗೈಯಲ್ಲಿ ಹಳೆಯ ವಾಲ್ವ್ ಇತ್ತು. ಅದು ಅವನ ಮೈಶಾಖಕ್ಕೆ ಬೆಚ್ಚಗಾಗಿತ್ತು. ಹೋಸಿನ ಬಿರುಕು ಮೇಲುಮೇಲಿನದು, ಬಿಸಿಲಿಗೆ ಚರ್ಮ ಸುಲಿದಂತೆ. ಒಳಗಿನ ತಂತಿಯ ಹೆಣಿಗೆ ಗಟ್ಟಿಯಾಗಿತ್ತು. ಒತ್ತಡ ಮಿತಿಯಲ್ಲಿದ್ದಿದ್ದರೆ ಅದು ಈ ಹುಲ್ಲನ್ನೂ ಎತ್ತಿರುತ್ತಿತ್ತು, ಬರುವ ವರ್ಷದ ಹುಲ್ಲನ್ನೂ ಎತ್ತಿರುತ್ತಿತ್ತು. ಇದು ಅವನೊಬ್ಬನಿಗೆ ಗೊತ್ತು.

"ಅಣ್ಣ, ಹೋಸ್…"

"ಹೂಂ?"

ಗಂಡ ತಲೆ ಎತ್ತಿ ನೋಡಿದ. ಕಣ್ಣುಗಳು ಊದಿಕೊಂಡಿದ್ದವು. ಯಾರಾದರೂ ತನ್ನ ತಪ್ಪನ್ನು ಇನ್ನಷ್ಟು ವಿವರವಾಗಿ ಹೇಳಲಿ ಎಂದು ಕಾಯುವವನಂತೆ ನಿಂತಿದ್ದ.

"ಹೋಸ್ ಹೊಸದು ಚೆನ್ನಾಗಿ ಕೂತಿದೆ," ಎಂದ ಮೆಕ್ಯಾನಿಕ್. "ಇನ್ನು ಸ್ವಲ್ಪ ಹೊತ್ತು. ದನಗಳಿಗೆ ಹುಲ್ಲು ಹಾಕ್ಬಹುದು."

"ಹಾಕ್ಬಿಡಪ್ಪ. ಅವುಗಳ ಕೂಗು ಕೇಳೋಕಾಗ್ತಿಲ್ಲ." ಗಂಡ ತಿರುಗಿ ಹೊರಟವನು ಬಾಗಿಲಲ್ಲಿ ನಿಂತ. "ಟೀ ಆರತ್ತೆ."

ಅವನು ಅಂಗಳ ದಾಟುವವರೆಗೂ ಮೆಕ್ಯಾನಿಕ್ ಕದಲಲಿಲ್ಲ. ಆಮೇಲೆ ವಾಲ್ವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಟೀ ಮುಟ್ಟಲಿಲ್ಲ.

*

ಅವಳ ಆ ಫೋನ್ ಬಂದ ದಿನ ಮೆಕ್ಯಾನಿಕ್ ದೊಡ್ಡ ಜಮೀನೊಂದರಲ್ಲಿ ಕಟಾವು ಯಂತ್ರದ ಅಡಿ ಮಲಗಿದ್ದ. ಫೋನ್ ಸ್ಪೀಕರಿನಲ್ಲಿತ್ತು.

"ಕಬ್ಬಿಣದ ಡಾಕ್ಟ್ರೇ, ಬ್ಯುಸಿನಾ? ಈ ತೋಳಿಗೆ ಶಕ್ತೀನೇ ಇಲ್ಲ. ಉರುಳೆ ಅರ್ಧಕ್ಕೆ ಎತ್ತತ್ತೆ, ಆಮೇಲೆ ಅಳ್ತಾ ನಿಂತುಬಿಡತ್ತೆ. ಕೇಳಿಸ್ತೀನಿ, ತಡೀರಿ."

ಅವನು ಕೇಳಿದ. ಹಿಸ್ಸೆನ್ನುವ ತೆಳ್ಳನೆಯ ಸದ್ದು. ರಿಲೀಫ್ ವಾಲ್ವ್ ಸವೆದಿದೆ, ಮುಂಚೆಯೇ ದಾರಿ ಬಿಡುತ್ತಿದೆ. ಅದೇ ಅಳತೆಯದೊಂದು ಹೊಸ ವಾಲ್ವ್ ವ್ಯಾನಿನ ಡಬ್ಬಿಯಲ್ಲೇ ಇತ್ತು. ಅದೂ ಅವನಿಗೆ ನೆನಪಿತ್ತು.

"ವಾಲ್ವ್ ಹೋಗಿದೆ ಅಕ್ಕ. ಬಂದು ಹಾಕ್ತೀನಿ."

"ಯಾವಾಗ ಬರ್ತೀರ?"

"ಈ ವಾರ ಕಷ್ಟ. ಇಲ್ಲಿ ಕಟಾವು ನಿಂತುಹೋಗಿದೆ, ಇವರು ನನ್ನ ತಲೆ ಮೇಲೆ ಕೂತಿದಾರೆ."

"ದನಕ್ಕೆ ಹುಲ್ಲು ಬೇಕಲ್ಲ. ಕೈಯಲ್ಲಿ ಹೊರೋಕೆ ನಮ್ಮನೇಲಿ ಯಾರಿದಾರೆ, ಒಬ್ರಿಗೆ ಸೊಂಟ ಇಲ್ಲ, ಇನ್ನೊಬ್ರಿಗೆ ಮಂಡಿ ಇಲ್ಲ." ಅವಳು ನಕ್ಕಳು. "ಏನಾದ್ರೂ ಉಪಾಯ ಹೇಳಿ ಡಾಕ್ಟ್ರೇ. ನಿಮ್ಮ ಮಾತ್ರೆ ಫೋನಲ್ಲೇ ಕೆಲಸ ಮಾಡತ್ತೆ."

ಗೇಜ್ ಹಾಕದೆ ಆ ಸ್ಕ್ರೂ ಮುಟ್ಟಬಾರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನಿಗೆ ಮೊದಲು ಕಲಿಸಿದ್ದೇ ಅದು; ತಾನು ಇತರರಿಗೆ ಹೇಳಿಕೊಡುತ್ತಿದ್ದುದೂ ಅದನ್ನೇ. ಕಟಾವು ಯಂತ್ರದ ಯಜಮಾನನ ಬೂಟುಗಳು ಅವನ ಮುಖದ ಪಕ್ಕ ಅತ್ತಿಂದಿತ್ತ ಓಡಾಡುತ್ತಿದ್ದವು.

"ಸರಿ, ಕೇಳಿ. ಪಂಪಿನ ಪಕ್ಕ ಒಂದು ಮುಚ್ಚಳ ಇದೆ. ತೆಗೀರಿ. ಒಳಗಿನ ನಟ್ ಸಡಿಲ ಮಾಡಿ ಸ್ಕ್ರೂನ ಬಲಕ್ಕೆ ಅರ್ಧ ಸುತ್ತು ತಿರುಗಿಸಿ."

"ಅರ್ಧ ಸುತ್ತು."

"ಅರ್ಧ ಸುತ್ತು."

ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. "ಏನಿಲ್ಲ ಡಾಕ್ಟ್ರೇ, ಗಾಡಿಗೆ ಈಗ ಹರೆಯ ಬಂದಿದೆ! ಎಂಥ ಉರುಳೆ ಕೊಟ್ರೂ ಹೂವಿನ ಹಾಗೆ ಎತ್ತತ್ತೆ. ನೀವು ಅವಸರದಲ್ಲಿ ಬರೋದೇನೂ ಬೇಡ, ನಿಮ್ಮ ಕೆಲಸ ನೋಡ್ಕೊಳ್ಳಿ. ಹೇಳೋಣ ಅನ್ನಿಸ್ತು."

ಅವನಿಗೆ ನಿರಾಳವಾಯಿತು. ವಾಲ್ವ್ ಸವೆದ ಗಾಡಿ ಅರ್ಧ ಸುತ್ತಿಗೆ ಹೂವಿನ ಹಾಗೆ ಎತ್ತುವುದಿಲ್ಲ. ಒಂದು ಗಳಿಗೆ ಆ ಯೋಚನೆ ತಲೆಯೊಳಗೆ ಹಾದು ಹೋಯಿತು. ಎಷ್ಟು ತಿರುಗಿಸಿದಿರಿ ಎಂದು ಕೇಳಬೇಕಿತ್ತು. ಕೇಳಿದರೆ ಹೋಗಬೇಕಾಗುತ್ತಿತ್ತು.

"ಒಳ್ಳೇದಾಯ್ತು ಬಿಡಿ ಅಕ್ಕ," ಅಂದ.

*

ಹೊಸ ವಾಲ್ವ್ ಕೂರಿಸಿ, ಗೇಜ್ ನೋಡುತ್ತ ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ, ಮುಳ್ಳು ಹಸಿರಿನ ಅಂಚಿಗೆ ಬಂದು ಗೂಟ ಹೊಡೆದಂತೆ ನಿಂತ ಮೇಲೆ ಮೆಕ್ಯಾನಿಕ್ ಎಂಜಿನ್ ಆರಿಸಿದ. ಕೆಲಸಕ್ಕೆ ಹಿಡಿದದ್ದು ಒಂದು ಊಟದಷ್ಟು ಹೊತ್ತು. ಇಷ್ಟೇ ಕೆಲಸವಿತ್ತು. ಅವನು ಕೈ ತೊಳೆಯಲು ಮನೆಯ ಪಕ್ಕದ ನಲ್ಲಿಗೆ ಹೋದ.

ಜಗಲಿಯ ಕುರ್ಚಿಗಳಲ್ಲಿ ಗಂಡಸರು ಕೂತಿದ್ದರು.

"ನನಗಂತೂ ಹಸು ಹುಷಾರಾಗಿದೆ ಅಂತ ಫೋನ್ ಮಾಡೋರು," ಎನ್ನುತ್ತಿದ್ದರು ದನದ ಡಾಕ್ಟರು. "ಏನಮ್ಮ ತೊಂದ್ರೆ ಅಂದ್ರೆ, ತೊಂದ್ರೆ ಇಲ್ಲ ಅಂತ ಹೇಳೋಕೇ ಮಾಡಿದ್ದು ಅನ್ನೋರು. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಫೋನ್ ಮಾಡಿದೋರು ಅವರೊಬ್ರೇ."

"ನಿಮಗೆ ಅದೃಷ್ಟ," ಎಂದ ಹಾಲಿನ ವ್ಯಾನಿನ ಡ್ರೈವರ್. "ನನಗೆ ಬರೀ ಬೈಗುಳ. ಕ್ಯಾನಿನ ನೊರೆ ಅಳೀತೀಯೋ ಹಾಲು ಅಳೀತೀಯೋ ಅಂತ. ಅದಾದ್ಮೇಲೆ ನನ್ನ ಮಗಳ ಪರೀಕ್ಷೆ ಹೇಗಾಯ್ತು ಅಂತ ವಿಚಾರಿಸೋದು. ನಾನು ಗಾಡಿ ಓಡಿಸ್ತಿದೀನಿ ಅಕ್ಕ ಅಂದ್ರೆ, ಓಡಿಸಪ್ಪ, ನಾನೇನು ಸ್ಟೇರಿಂಗ್ ಹಿಡ್ಕೊಂಡಿದೀನಾ ಅನ್ನೋದು!"

ಎಲ್ಲರೂ ನಕ್ಕರು. ನಗು ಮುಗಿಯುವ ಮುಂಚೆಯೇ ಡ್ರೈವರ್ ಮುಖ ಮುಚ್ಚಿಕೊಂಡ. "ಎಷ್ಟೋ ಸಲ ನಾನು ಎತ್ತುತ್ಲೇ ಇರ್ಲಿಲ್ಲ," ಎಂದ ಅಂಗೈಗಳ ಒಳಗಿನಿಂದ. ಉಳಿದವರು ತಮ್ಮ ತಮ್ಮ ಕೈ ನೋಡಿಕೊಂಡರು.

ನಲ್ಲಿಯ ಕೆಳಗೆ ಮೆಕ್ಯಾನಿಕ್ ಸೋಪು ಉಜ್ಜುತ್ತಲೇ ಇದ್ದ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ.

"ಇಲ್ಲಿದೀಯಾ?" ಬಾಗಿಲಿಗೆ ಬಂದ ಗಂಡ ಕರೆದ. ಅವನ ಹಿಂದೆ ಅವಳ ತಂಗಿ. ಅಕ್ಕನದೇ ಅಗಲ ಮುಖ, ಅಕ್ಕನದಲ್ಲದ ಮೆಲ್ಲನೆಯ ನಡಿಗೆ. "ಬಾ. ಪೆಟ್ಟಿಗೆ ಎತ್ತೋ ಹೊತ್ತಾಯ್ತು. ಮುಂದಿನ ಬಲಗಡೆ ಜಾಗ ನನ್ನದು. ನನ್ನ ಸೊಂಟ ನಿಂಗೆ ಗೊತ್ತಲ್ಲ, ನನ್ನ ಜಾಗಕ್ಕೆ ನೀನು ಹೆಗಲು ಕೊಡು."

"ನಾನು ಬೇಡ ಅಣ್ಣ."

"ನೀನೇ ಆಗ್ಬೇಕು. ನನ್ನ ಹತ್ರ ಆಡಿದ್ದಕ್ಕಿಂತ ಹೆಚ್ಚು ಮಾತು ನಿನ್ನ ಹತ್ರ ಆಡಿದಾಳೆ. ಡಾಕ್ಟ್ರು ಹಾಗಂದ್ರು, ಡಾಕ್ಟ್ರು ಹೀಗಂದ್ರು. ಸಂಜೆ ಊಟಕ್ಕೆ ಕೂತ್ರೆ ನಿಂದೇ ಸುದ್ದಿ."

"ಕೈಯೆಲ್ಲ ಎಣ್ಣೆ…"

"ಅವಳಿಗೆ ಎಣ್ಣೆ ಹೊಸದಾ?" ಗಂಡ ಅವನ ತೋಳು ಹಿಡಿದುಕೊಂಡ. ಆ ಹಿಡಿತದಲ್ಲಿ ಬೇಡಿಕೆಯಿತ್ತು. "ಬಾರಪ್ಪ."

ಮೆಕ್ಯಾನಿಕ್ ಜೇಬಿಗೆ ಕೈ ಹಾಕಿ ವಾಲ್ವ್ ತೆಗೆದ. ತೆಗೆದಾಗ ಏನು ಹೇಳಬೇಕೆಂದು ಅವನಿಗೇ ಗೊತ್ತಿರಲಿಲ್ಲ.

"ಹೋಸಿಂದ ಆಗಿದ್ದಲ್ಲ ಅಣ್ಣ."

"ಏನು?"

"ಹೋಸ್ ಗಟ್ಟಿ ಇತ್ತು. ಮುಂದಿನ ವರ್ಷದ ತನಕ ಬರ್ತಿತ್ತು. ಇದು, ಈ ವಾಲ್ವ್ ಪೂರ್ತಿ ಬಿಗಿಯಾಗಿತ್ತು. ಒತ್ತಡ ಹೋಗೋಕೆ ದಾರೀನೇ ಇರ್ಲಿಲ್ಲ. ಅದಕ್ಕೇ ಹೋಸ್ ಹರೀತು. ಬಿಗಿ ಮಾಡಿದ್ದು ಅಕ್ಕ. ಮಾಡಿ ಅಂದಿದ್ದು ನಾನು. ಫೋನಲ್ಲಿ."

ದನದ ಡಾಕ್ಟರು ಅರ್ಧ ಎದ್ದವರು ಹಾಗೇ ಕುಳಿತರು.

"ಎಷ್ಟು ಬಿಗಿ ಮಾಡು ಅಂದಿದ್ದೆ?" ಗಂಡನ ದನಿ ಬದಲಾಗಿರಲಿಲ್ಲ.

"ಅರ್ಧ ಸುತ್ತು."

ತಂಗಿ ಮುಂದೆ ಬಂದಳು. ವಾಲ್ವನ್ನು ಅವನ ಅಂಗೈಯಿಂದ ಎತ್ತಿಕೊಂಡು ತಿರುಗಿಸಿ ನೋಡಿದಳು. ಮೆಲ್ಲಗೆ, ತಪ್ಪಿಸಿಕೊಳ್ಳಲು ಅವನಿಗೊಂದು ಬಾಗಿಲು ತೆರೆದಳು. "ನೀವು ಅರ್ಧ ಅಂದ್ರಿ. ಅಕ್ಕ ಪೂರ್ತಿ ತಿರುಗಿಸಿಬಿಟ್ಲು. ಅವಳು ಮೊದಲಿಂದ್ಲೂ ಹಾಗೇ ಅಲ್ವಾ ಭಾವ? ಉಪ್ಪು ಚಿಟಿಕೆ ಅಂದ್ರೆ ಹಿಡಿ ಹಾಕೋಳು. ಅರ್ಧ ಸುತ್ತಿಗೆ ಇಷ್ಟೆಲ್ಲ ಆಗ್ತಿರ್ಲಿಲ್ಲ ತಾನೆ?"

"ಇಲ್ಲ," ಎಂದ ಮೆಕ್ಯಾನಿಕ್. "ಅರ್ಧ ಸುತ್ತಿಗೆ ಆಗ್ತಿರ್ಲಿಲ್ಲ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಸುದ್ದಿ ತಿಳಿದಂದಿನಿಂದ ಅವನು ತನಗೆ ತಾನೇ ಹೇಳಿಕೊಂಡಿದ್ದೂ ಅಷ್ಟೇ, ಅದಕ್ಕಿಂತ ಮುಂದಿನದು ನೆನಪಾಗಲು ಬಿಟ್ಟಿರಲಿಲ್ಲ. ಜಗಲಿಯ ಮುಖಗಳು ಸಡಿಲವಾಗುತ್ತಿದ್ದವು. ಯಾರೋ ಉಸಿರು ಬಿಟ್ಟರು.

"ಆದ್ರೆ ಫೋನ್ ಇಡೋಕೆ ಮುಂಚೆ ಅಕ್ಕ ಕೇಳಿದ್ರು, ಅರ್ಧ ಸಾಲದಿದ್ರೆ ಅಂತ. ನಾನು ಅವಸರದಲ್ಲಿದ್ದೆ." ಅವನು ಗಂಡನ ಕಡೆ ತಿರುಗಿದ. "ಸಾಲದಿದ್ರೆ ಇನ್ನೊಂಚೂರು ತಿರುಗಿಸ್ತಾ ಹೋಗಿ, ಎತ್ತೋ ತನಕ ಅಂದೆ. ಹಾಗೇ ಅಂದೆ. ಅವರು ನಾನು ಹೇಳಿದ ಹಾಗೇ ಮಾಡಿದಾರೆ. ಹೊಸ ವಾಲ್ವ್ ಆ ದಿನಾನೂ ನನ್ನ ವ್ಯಾನಲ್ಲಿತ್ತು. ಇವತ್ತು ಹಾಕಿದೆನಲ್ಲ, ಅದೇ."

ತಂಗಿ ವಾಲ್ವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

ಗಂಡ ಅವನ ತೋಳಿನಿಂದ ಕೈ ತೆಗೆದಿರಲಿಲ್ಲ. ಅದು ಅಲ್ಲಿದೆಯೆಂಬುದು ಮರೆತಂತಿತ್ತು. "ಹೋಸ್ ಬರ್ತಿತ್ತು ಅಂದ್ಯಾ?"

"ಬರ್ತಿತ್ತು."

"ನಾನು ಆಮೇಲೆ ಅಂದಿದ್ದಕ್ಕಲ್ಲ."

"ಅಲ್ಲ ಅಣ್ಣ."

ಗಂಡನ ಮುಖದಲ್ಲಿ ಏನೋ ಬಿಚ್ಚಿಕೊಂಡಿತು, ಬಿಚ್ಚಿಕೊಂಡದ್ದಕ್ಕೇ ನಾಚಿದಂತೆ ಮತ್ತೆ ಮುಚ್ಚಿಕೊಂಡಿತು. ಹಿಡಿದಿದ್ದ ತೋಳನ್ನು ಅವನು ಬೇರೆಯವರ ವಸ್ತುವನ್ನು ಹಿಂತಿರುಗಿಸುವಂತೆ ಬಿಟ್ಟ. ಪಕ್ಕದ ಹೊಲದವನ ಕಡೆ ತಿರುಗಿ, "ನೀನು ಹೆಗಲು ಕೊಡು," ಎಂದ. ಆಮೇಲೆ ಮೆಕ್ಯಾನಿಕ್‌ನ ಮುಖ ನೋಡದೆ ಹೇಳಿದ: "ದನ ಒದರ್ತಿವೆ. ಹೋಗಿ ಹುಲ್ಲು ಹಾಕು."

*

ಟ್ರ್ಯಾಕ್ಟರ್ ಅಂಗಳಕ್ಕೆ ಬಂದಾಗ ಪೆಟ್ಟಿಗೆ ಬಾಗಿಲು ದಾಟಿ ಹೊರಗೆ ಬಂದಿತ್ತು. ಹೊತ್ತವರು ಮೆಟ್ಟಿಲ ಮೇಲೆ ಹೆಜ್ಜೆ ಕೂಡಿಸಿಕೊಳ್ಳುತ್ತಿದ್ದರು. "ಎಡಕ್ಕೆ ಸ್ವಲ್ಪ… ಹಾಂ… ನಿಧಾನ," ಎನ್ನುವ ಡ್ರೈವರನ ದನಿ ಎಂಜಿನ್ನಿನ ಸದ್ದಿನ ನಡುವೆಯೂ ಕೇಳುತ್ತಿತ್ತು. ಯಾರೂ ಈ ಕಡೆ ತಿರುಗಲಿಲ್ಲ. ಮಣ್ಣು ಮಾಡುವ ಜಾಗ ರಸ್ತೆಯ ತಿರುವಿನಾಚೆ. ಅಲ್ಲಿಯವರೆಗೆ ನಡೆದೇ ಹೋಗುವುದೆಂದು ಮಾತಾಗಿತ್ತು.

ಮೆಕ್ಯಾನಿಕ್ ಲೋಡರಿನ ಮುಳ್ಳುಗಳನ್ನು ಉರುಳೆಗೆ ಚುಚ್ಚಿ ಲಿವರ್ ಎಳೆದ. ತೋಳುಗಳು ಎದ್ದವು. ಸದ್ದಿಲ್ಲ, ನಡುಕವಿಲ್ಲ. ಒಬ್ಬ ಆಳಿಗಿಂತ ಎತ್ತರದ ಹುಲ್ಲಿನ ಉರುಳೆ ಕೊಟ್ಟಿಗೆಯ ಗೋಡೆಗೂ ಮೇಲಕ್ಕೆ ಹೋಗಿ ನಿಂತಿತು. ದನಗಳು ವಾಸನೆಗೆ ಕುತ್ತಿಗೆ ಚಾಚಿ ಒಂದರ ಮೇಲೊಂದು ಬಿದ್ದವು.

ಇಳಿಸಬೇಕೆಂದು ಕೈ ಮುಂದೊತ್ತುವಾಗ ಅವನಿಗೆ ಕರಿ ಕೋಟು ಕಾಣಿಸಿತು. ಗಂಡ ಮೆರವಣಿಗೆ ಬಿಟ್ಟು ಅಂಗಳ ದಾಟಿ ಬಂದಿದ್ದ. ನೇರವಾಗಿ ಬಂದು ಮುಂದಿನ ಗಾಲಿಯ ಪಕ್ಕ, ಎತ್ತಿದ ತೋಳಿನ ಕೆಳಗೆ ನಿಂತ.

"ಅಣ್ಣ, ಆ ಕಡೆ ಹೋಗಿ! ಅಲ್ಲಿ ನಿಲ್ಬೇಡಿ!"

"ಇಲ್ಲೇ ನಿಲ್ತಿದ್ಲಾ?"

"ಅಣ್ಣ, ಕೈ ಮುಗೀತೀನಿ."

"ಕೇಳಿದ್ದಕ್ಕೆ ಹೇಳು. ಇಲ್ಲೇನಾ?"

"ಇನ್ನೂ ಸ್ವಲ್ಪ ಹಿಂದೆ," ಎಂದ ಮೆಕ್ಯಾನಿಕ್. ಎಂಜಿನ್ನಿನ ಸದ್ದು ಅದನ್ನು ನುಂಗಿತು. ತುಟಿಯ ಆಕಾರ ನೋಡಿಯೇ ಗಂಡ ಒಂದು ಹೆಜ್ಜೆ ಹಿಂದೆ ಸರಿದ. ಅಲ್ಲಿ ನಿಂತು ಅವನು ತಲೆ ಎತ್ತಿ ಮೇಲಿನ ಉರುಳೆಯನ್ನು ನೋಡಿದ, ಬಲಗಡೆಯ ಹೊಸ ಹೋಸನ್ನು ನೋಡಿದ, ತನ್ನ ಕೈಯನ್ನು ಲಿವರಿನ ದಿಕ್ಕಿಗೆ ಒಮ್ಮೆ ಚಾಚಿ ಅಳೆದು ನೋಡಿದ. ಅವಳಿಗಿಂತ ಅವನು ಎತ್ತರ. ಅವಳು ಎಷ್ಟು ನಿಲುಕಬೇಕಾಗುತ್ತಿತ್ತೆಂದು ಲೆಕ್ಕ ಹಾಕುವವನಂತೆ ತುದಿಗಾಲ ಮೇಲೆ ನಿಂತ, ಸೊಂಟ ಹಿಡಿದುಕೊಂಡು ಮತ್ತೆ ಕೆಳಗಾದ.

"ಇಳಿಸು," ಎಂದ.

"ನೀವು ಸರೀರಿ ಮೊದಲು."

"ಇಳಿಸು ಅಂದೆನಲ್ಲ."

ಗೇಜಿನ ಮುಳ್ಳು ಕಣ್ಣಾರೆ ನೋಡಿ ನಿಲ್ಲಿಸಿದ್ದ ವಾಲ್ವ್. ಹೊಸ ಹೋಸ್. ಏನೂ ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ಒತ್ತಿದ. ತೋಳು ಇಳಿಯತೊಡಗಿತು. ನಿಂತೇ ಇದೆಯೇನೋ ಎಂಬಷ್ಟು ನಿಧಾನವಾಗಿ ಅದು ಗಂಡನ ತಲೆಯ ಮಟ್ಟಕ್ಕೆ ಬಂತು, ಕಿವಿಯ ಮಟ್ಟಕ್ಕೆ ಬಂತು, ಹೆಗಲಿಗೆ ಒಂದು ಗೇಣು ದೂರದಲ್ಲಿ ಹಾದು ಕೆಳಗೆ ಹೋಯಿತು. ಉರುಳೆಯ ಅಂಚಿನ ಸಡಿಲ ಹುಲ್ಲು ಗಂಡನ ಕೋಟನ್ನು ಸವರಿತು. ಅವನು ಕಣ್ಣು ಮುಚ್ಚಲಿಲ್ಲ. ಉರುಳೆ ನೆಲ ಮುಟ್ಟಿದಾಗ ಸದ್ದಾಗಲಿಲ್ಲ. ದನಗಳು ಮೂತಿ ಹಾಕಿದಾಗ ಗೊತ್ತಾಯಿತು.

ಗಂಡ ಗೇಟಿನ ಕಡೆ ತಿರುಗಿದ. ಪೆಟ್ಟಿಗೆ ಹೊತ್ತವರು ಗೇಟಿನ ಹೊರಗೆ ಅವನಿಗಾಗಿ ಕಾದು ನಿಂತಿದ್ದರು. ಸೊಂಟದ ಮೇಲೆ ಕೈಯಿಟ್ಟುಕೊಂಡು ಅವನು ಅವರ ಹಿಂದೆ ಸೇರಿಕೊಂಡ ಮೇಲೆ ಎಲ್ಲರೂ ನಡೆಯತೊಡಗಿದರು. ಕರಿ ಕೋಟಿನ ಹೆಗಲ ಮೇಲೆ, ಬೆನ್ನ ಮೇಲೆ ಹುಲ್ಲಿನ ಕಡ್ಡಿಗಳು ಅಂಟಿಕೊಂಡಿದ್ದವು. ಪಕ್ಕದಲ್ಲಿ ನಡೆಯುತ್ತಿದ್ದ ನಾದಿನಿ ಅವನ್ನು ಕಂಡು ಒಮ್ಮೆ ಕೈ ಎತ್ತಿದಳು, ಮುಟ್ಟದೆ ಕೆಳಗಿಳಿಸಿದಳು. ಬಿಸಿಲಿಗೆ ಆ ಕಡ್ಡಿಗಳು ಹಳದಿಯಾಗಿ ಹೊಳೆಯುತ್ತ ರಸ್ತೆಯ ಉದ್ದಕ್ಕೂ, ತಿರುವಿನವರೆಗೂ ಕಾಣುತ್ತಿದ್ದವು.